‘ಗ್ಯಾಸ್ ಗುಳಿಗೆ’ ಅನ್ನೋ ಗುಳಿಗೆ ಇಲ್ಲ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ಈ ನಾಲ್ಕರಲ್ಲಿ ಯಾವ ಊರಿನ ಔಷಧ ಅಂಗಡಿ ಮುಂದೆ ಹತ್ತು ನಿಮಿಷ ನಿಂತ್ರೂ ಒಂದು ಮಾತು ಕಿವಿಗೆ ಬೀಳ್ತದೆ: “ಗ್ಯಾಸ್ ಆಗೇತ್ರಿ, ಒಂದ್ ಗುಳಗಿ ಕೊಡ್ರಿ.” ಎಲ್ಲಿ ನೋವು, ಎಷ್ಟು ದಿನದಿಂದ ಅಂತ ಯಾರೂ ಕೇಳೋದಿಲ್ಲ, ಯಾರೂ ಹೇಳೋದಿಲ್ಲ. ಕತ್ತರಿಯಿಂದ ಸ್ಟ್ರಿಪ್ ತುಂಡಾಗಿ ಎರಡು ಗುಳಿಗೆ ಕೈಗೆ ಬರ್ತವೆ. ನಮ್ಮ ಕ್ಯಾಂಪಸ್‌ನಲ್ಲಿ ಈ ನಾಲ್ಕೂ ಕಡೆಯವರು ಬಹಳ ಮಂದಿ ಇದ್ದೇವೆ. ಹಾಸ್ಟೆಲ್ ರೂಮಿನ ಕಪಾಟು ತೆಗೆದು ನೋಡಿದ್ರೆ ಶೇಂಗಾ ಹಿಂಡಿ ಡಬ್ಬಿಯ ಪಕ್ಕದಲ್ಲಿ ಅದೇ ಸ್ಟ್ರಿಪ್ ಕಾಣ್ತದೆ.

ಈ ಪಾಠ ಆ ಸ್ಟ್ರಿಪ್ ಬಗ್ಗೆ. ಅದು ಕೆಟ್ಟ ಔಷಧ ಅಂತ ಹೆದರಿಸೋದು ನಮ್ಮ ಉದ್ದೇಶ ಅಲ್ಲ. ಹೊಟ್ಟೆ ಹುಣ್ಣಿಗೆ ಆಪರೇಷನ್ ಮಾಡಿಸಿಕೊಳ್ಳೋ ಕಾಲವನ್ನು ಬಹುಮಟ್ಟಿಗೆ ಮುಗಿಸಿದ್ದೇ ಈ ಜಾತಿಯ ಔಷಧಗಳು. ಆದರೆ ಅದು ಬೇಕಾದಾಗ ಬಾಯಿಗೆ ಹಾಕ್ಕೊಳ್ಳೋ ಪೆಪ್ಪರ್‌ಮಿಂಟ್ ಅಲ್ಲ. ಅದಕ್ಕೊಂದು ಕಾರಣ ಬೇಕು, ಹೊತ್ತು ಬೇಕು, ಕೊನೆಯ ದಿನ ಬೇಕು. ಈ ಮೂರರಲ್ಲಿ ನಮ್ಮ ಕಡೆ ಪೂರ್ತಿ ಮರೆತು ಹೋಗಿರೋದು ಕೊನೆಯ ದಿನ.

ಒಂದೇ ಶಬ್ದ, ಹಲವು ಕಾಯಿಲೆ

ಕನ್ನಡ ಸಂಘದವರಿಗೆ ಔಷಧದ ಉಸಾಬರಿ ಯಾಕೆ ಅಂತ ಕೇಳಬಹುದು. ತೊಂದರೆ ಶುರುವಾಗೋದೇ ಶಬ್ದದಿಂದ, ಅದಕ್ಕೆ. ನಮ್ಮ ಆಯಿ-ಮುತ್ಯಾನ ಮಾತಿನಲ್ಲಿ ಹೊಟ್ಟೆಗೆ ಎಷ್ಟು ಶಬ್ದ ಇದ್ದವು ನೋಡ್ರಿ: ಎದಿ ಉರಿ, ಹುಳಿ ತೇಗು, ಹೊಟ್ಟಿ ಉಬ್ಬರ, ಹೊಟ್ಟಿ ತೊಳಸೋದು, ಹೊಟ್ಟಿ ಕಡಿಯೋದು, ಪಿತ್ತ, ಅಜೀರ್ಣ. ಈಗ ಎಲ್ಲಕ್ಕೂ ಒಂದೇ ‘ಗ್ಯಾಸ್’. ತಲೆ ನೋವು ಬಂದ್ರೂ “ಗ್ಯಾಸ್ ತಲಿಗೇರೇತಿ”. ಶಬ್ದ ಒಂದಾದ ಮೇಲೆ ಗುಳಿಗೆಯೂ ಒಂದಾಯ್ತು.

ಆದರೆ ಒಳಗೆ ನಡೆಯೋದು ಬೇರೆ ಬೇರೆ. ಹುಳಿ ತೇಗು, ಎದೆ ಉರಿ ಅಂದ್ರೆ ಜಠರದ ಆಮ್ಲ ಅನ್ನನಾಳದ ಕಡೆಗೆ ಹಿಮ್ಮುಖವಾಗಿ ಬರೋದು. ಆಮ್ಲ ಇಳಿಸೋ ಔಷಧ ಚೆನ್ನಾಗಿ ಕೆಲಸ ಮಾಡೋದು ಇಲ್ಲಿ. ಹೊಟ್ಟಿ ಉಬ್ಬರ ಅಂದ್ರೆ ನಿಜವಾದ ಗ್ಯಾಸ್: ಗಬಗಬ ತಿಂದು ನುಂಗಿದ ಗಾಳಿ, ಕಾಳು-ಬ್ಯಾಳಿ ಕರುಳಿನಲ್ಲಿ ಹುದುಗಿ ಬಂದ ಗಾಳಿ. ಇದಕ್ಕೂ ಆಮ್ಲಕ್ಕೂ ಹೆಚ್ಚಿನ ಸಂಬಂಧ ಇಲ್ಲ. ಹಸಿದಾಗ ಅಥವಾ ಉಂಡ ಮೇಲೆ ಮೇಲ್ಹೊಟ್ಟೆಯ ಒಂದೇ ಜಾಗದಲ್ಲಿ ಕೊರೆದಂಗ ಆದ್ರೆ ಹುಣ್ಣು ಇರಬಹುದು. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಬಂದು, ಕೊನೆಯ ಪೇಪರ್ ಮುಗಿದ ದಿನ ಮಾಯವಾಗೋ ಹೊಟ್ಟೆ ನೋವು ಬೇರೆಯೇ. ಅದರಲ್ಲಿ ಮಿದುಳು-ಕರುಳಿನ ನಡುವಿನ ಮಾತುಕತೆಯ ಪಾಲು ದೊಡ್ಡದು. ಹೊಟ್ಟೆ ಕಡಿದು ಬೇಧಿಯಾದ್ರೆ ಕಾರಣ ನೀರೋ, ಮೆಸ್ಸೋ ಆಗಿರ್ತದೆ.

ಇನ್ನೊಂದು ಉಳೀತು. ಅದು ಹೊಟ್ಟೆಯದ್ದೇ ಅಲ್ಲ.

ಎದೆ ನಡುವೆ ಕಲ್ಲಿಟ್ಟಂಗ ಭಾರ, ಬಿಗಿತ. ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯೋ ನೋವು. ತಣ್ಣನೆ ಬೆವರು, ಏದುಸಿರು, ವಾಂತಿ ಬಂದಂಗ ಆಗೋದು. ಇದು ಹೃದಯಾಘಾತ ಇರಬಹುದು. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹೆಣ್ಣುಮಕ್ಕಳಲ್ಲಿ, ವಯಸ್ಸಾದವರಲ್ಲಿ ಎದೆ ನೋವೇ ಇಲ್ಲದೆ ಬರೀ ಮೇಲ್ಹೊಟ್ಟೆಯ ಸಂಕಟವಾಗಿಯೂ ಇದು ಬರ್ತದೆ. “ಗ್ಯಾಸ್ ಇರಬೇಕು ಬಿಡು” ಅಂತ ಒಂದು ಗುಳಿಗೆ ನುಂಗಿ, ಸೋಡಾ ಕುಡಿದು, ಒಂದು ತೇಗು ಬಂದು ಸ್ವಲ್ಪ ಹಗುರ ಆಯ್ತು ಅಂದ್ರೂ ಹೃದಯದ ತೊಂದರೆ ಇಲ್ಲ ಅಂತ ಸಾಬೀತಾಗೋದಿಲ್ಲ. ಆ ಹೊತ್ತಿನಲ್ಲಿ ಹೃದಯದ ಸ್ನಾಯು ಸಾಯ್ತಾ ಇರ್ತದೆ, ಗುಳಿಗೆ ಕೆಲಸ ಮಾಡಲಿ ಅಂತ ಮನೆಮಂದಿ ಕಾಯ್ತಾ ಕೂತಿರ್ತಾರೆ.

ಇಲ್ಲಿ ಭೂಗೋಳವೂ ಸೇರ್ಕೊಳ್ತದೆ. ವಿಜಯಪುರದ ದೊಡ್ಡ ಆಸ್ಪತ್ರೆಗಳಿಗೆ ಮುದ್ದೇಬಿಹಾಳದಿಂದ ಸುಮಾರು 80 ಕಿಲೋಮೀಟರು. ಇಂಡಿ, ಸಿಂದಗಿಯಿಂದ 50–60. ಬಾಗೇವಾಡಿಯಿಂದ 40ಕ್ಕೂ ಹೆಚ್ಚು. ನಾಲತವಾಡದ ಕಡೆಯ, ಆಲಮೇಲದ ಕಡೆಯ ಹಳ್ಳಿಗಳಿಗೆ ಇನ್ನೂ ದೂರ. ಮನೆಯಲ್ಲಿ ಗ್ಯಾಸ್ ಅಂತ ಕಳೆದ ಎರಡು ತಾಸಿನ ಮೇಲೆ ಈ ದಾರಿಯ ಹೊತ್ತನ್ನು ಕೂಡಿಸಿ ನೋಡ್ರಿ. ಅದಕ್ಕೇ 108ಕ್ಕೆ ಕರೆ ಮಾಡಿ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸೋದು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಸರ್ಕಾರ ಹಂತ ಹಂತವಾಗಿ ತಾಲ್ಲೂಕು ಆಸ್ಪತ್ರೆಗಳಿಗೆ ತಂದದ್ದು ಇದಕ್ಕಾಗಿಯೇ: ಇಸಿಜಿಯನ್ನು ದೂರದ ಹೃದಯ ತಜ್ಞರು ನೋಡ್ತಾರೆ, ಬೇಕಾದ್ರೆ ರಕ್ತದ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗ್ತದೆ. ಇಸಿಜಿ ಸರಿ ಇದ್ದು ಕೊನೆಗೆ ಅದು ಗ್ಯಾಸೇ ಆದ್ರೆ ನಷ್ಟ ಒಂದು ತಾಸು. ಯಾರೂ ನಗೋದಿಲ್ಲ, ನಕ್ಕರೂ ಪರವಾಗಿಲ್ಲ.

ಹೊಟ್ಟೆಯೊಳಗಿನ ಪಂಪ್

ಈಗ ನಮ್ಮ ಕ್ಷೇತ್ರಕ್ಕೆ ಬರೋಣ. ಜಠರದ ಗೋಡೆಯಲ್ಲಿ ಪರೈಟಲ್ ಕೋಶಗಳು ಅಂತ ಇವೆ. ಅವುಗಳ ಹೊರಪದರದಲ್ಲಿ ಪ್ರೋಟಾನ್ ಪಂಪ್. ಒಂದು ಹೈಡ್ರೋಜನ್ ಅಯಾನು ಹೊರಗೆ, ಒಂದು ಪೊಟ್ಯಾಸಿಯಂ ಅಯಾನು ಒಳಗೆ, ಇಂಧನ ಎಟಿಪಿ. ರಕ್ತದ ಪಿಎಚ್ 7.4. ಜಠರ ರಸದ ಪಿಎಚ್ 1.5ರ ಆಸುಪಾಸಿಗೆ ಇಳೀತದೆ. ಪಿಎಚ್ ಲಾಗ್ ಸ್ಕೇಲ್ ಅನ್ನೋದು ನೆನಪಿದ್ರೆ, ಈ ಪಂಪ್ ಅಯಾನುಗಳನ್ನು ಸರಿಸುಮಾರು ಹತ್ತು ಲಕ್ಷ ಪಟ್ಟು ಸಾಂದ್ರತೆಯ ಏರಿನ ವಿರುದ್ಧ ತಳ್ತದೆ. ಪ್ಲಾಸ್ಟಿಕ್ ಇಲ್ಲ, ಸ್ಟೀಲ್ ಇಲ್ಲ, ಬರೀ ಪ್ರೋಟೀನ್. ಯಾವ ಮೆಕ್ಯಾನಿಕಲ್ ಪಂಪೂ ಇದರ ಮುಂದೆ ಮೀಸೆ ತಿರುವೋ ಹಾಗಿಲ್ಲ.

ಪಂಪ್ ಚಾಲೂ ಮಾಡೋ ಸಿಗ್ನಲ್ ಮೂರು: ನರದಿಂದ ಅಸಿಟೈಲ್‌ಕೋಲಿನ್, ಪಕ್ಕದ ಕೋಶದಿಂದ ಹಿಸ್ಟಮಿನ್, ರಕ್ತದಲ್ಲಿ ಬರೋ ಗ್ಯಾಸ್ಟ್ರಿನ್ ಹಾರ್ಮೋನು. ಔಷಧಗಳ ಜಾತಿಯನ್ನು ಈ ನಕಾಶೆಯ ಮೇಲೇ ಗುರುತು ಮಾಡಬಹುದು.

ಮೊದಲನೆಯದು ಆಂಟಾಸಿಡ್: ಗುಲಾಬಿ ಬಣ್ಣದ ಸಿರಪ್, ಚೀಪೋ ಮಾತ್ರೆ, ಬುರುಬುರು ನೊರೆ ಬರೋ ಪುಡಿ. ಇವು ಪಂಪ್ ಮುಟ್ಟೋದಿಲ್ಲ, ಈಗಾಗಲೇ ಸುರಿದ ಆಮ್ಲವನ್ನು ಕ್ಷಾರ ಹಾಕಿ ತಟಸ್ಥ ಮಾಡ್ತವೆ. ನಿಮಿಷಗಳಲ್ಲಿ ಕೆಲಸ, ಒಂದೆರಡು ತಾಸಿನಲ್ಲಿ ಮುಕ್ತಾಯ. ಯಾವಾಗಲೋ ಒಮ್ಮೆ ಮಿರ್ಚಿ-ಬಜಿ ಜಾಸ್ತಿಯಾಗಿ ಎದೆ ಉರಿದ್ರೆ ಇದೇ ಸಾಕು. ನೊರೆ ಪುಡಿಯಲ್ಲಿ ಸೋಡಿಯಂ ಜಾಸ್ತಿ ಇರ್ತದೆ, ಬಿಪಿ ಇರೋ ಅಪ್ಪ-ಅಮ್ಮನಿಗೆ ದಿನಾ ಕೊಡಬಾರದು.

ಎರಡನೆಯದು ಹಿಸ್ಟಮಿನ್ ಸಿಗ್ನಲ್ ತಡೆಯೋದು: ಫ್ಯಾಮೋಟಿಡಿನ್, ರಾನಿಟಿಡಿನ್. ಈ ಜಾತಿಯ ಮೊದಲ ಯಶಸ್ವಿ ಔಷಧ ಸಿಮೆಟಿಡಿನ್. ಅದರ ಹಿಂದಿದ್ದ ಜೇಮ್ಸ್ ಬ್ಲ್ಯಾಕ್‌ಗೆ 1988ರ ನೊಬೆಲ್ ಪಾಲು ಸಿಕ್ತು. ರಾನಿಟಿಡಿನ್ ನಮ್ಮ ಹಳ್ಳಿಗಳಲ್ಲಿ ಮನೆಮಾತು. ಆದರೆ ಅದರಲ್ಲಿ ಎನ್‌ಡಿಎಂಎ ಅನ್ನೋ ಕಲ್ಮಶ ಸಿಕ್ಕಿ, ಶೇಖರಿಸಿಟ್ಟಷ್ಟೂ ಅದು ಹೆಚ್ಚಬಹುದು ಅಂತ ಕಂಡದ್ದರಿಂದ 2020ರ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ ಅದನ್ನು ಮಾರುಕಟ್ಟೆಯಿಂದ ಹಿಂಪಡೆಯಲು ಹೇಳ್ತು. ನಮ್ಮಲ್ಲಿ 2022ರ ರಾಷ್ಟ್ರೀಯ ಅವಶ್ಯಕ ಔಷಧಗಳ ಪಟ್ಟಿಯಿಂದ ಅದನ್ನು ಕೈಬಿಟ್ಟರು. ಪಟ್ಟಿಯಿಂದ ಬಿಟ್ಟದ್ದು ಅಂದ್ರೆ ನಿಷೇಧ ಅಲ್ಲ. ಆದರೂ ಹಳೇ ಚೀಟಿ ಹಿಡಿದು ವರ್ಷಗಟ್ಟಲೆ ಅದನ್ನೇ ತಗೋತಿರೋ ಹಿರಿಯರು ಮನೆಯಲ್ಲಿದ್ರೆ, ಬೇರೆ ಯಾವುದು ಆಗಬಹುದು ಅಂತ ಡಾಕ್ಟರ್‌ಗೆ ಒಮ್ಮೆ ಕೇಳೋದು ಒಳ್ಳೇದು.

ಮೂರನೆಯದೇ ನಮ್ಮ ಕಪಾಟಿನ ಸ್ಟ್ರಿಪ್. ಹೆಸರಿನ ಕೊನೆಗೆ ‘ಪ್ರಜೋಲ್’ ಬರೋ ಕುಟುಂಬ: ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಈಸೊಮೆಪ್ರಜೋಲ್. ಇವು ಸಿಗ್ನಲ್ ಬಿಟ್ಟು ನೇರ ಪಂಪಿಗೇ ಬೀಗ ಹಾಕ್ತವೆ. ಮೊದಲನೆಯದಾದ ಒಮೆಪ್ರಜೋಲ್ ಸ್ವೀಡನ್ನಿನಿಂದ ಮಾರುಕಟ್ಟೆಗೆ ಬಂದದ್ದೂ 1988ರಲ್ಲೇ. ಭಾರತದಲ್ಲಿ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಶೆಡ್ಯೂಲ್ ಎಚ್ ಪಟ್ಟಿಯ ಔಷಧಗಳು. ಸ್ಟ್ರಿಪ್ ಮೇಲೆ ಆರ್‌ಎಕ್ಸ್ ಗುರುತು ಇರ್ತದೆ, ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಸಣ್ಣ ಅಕ್ಷರದಲ್ಲಿ ಅಚ್ಚು ಇರ್ತದೆ. ಅಂಗಡಿಯ ಕತ್ತರಿ ಎಷ್ಟೋ ಸಲ ಆ ಸಾಲನ್ನೇ ಕತ್ತರಿಸಿ ಹೋಗಿರ್ತದೆ.

ಹೊತ್ತು ತಪ್ಪಿದ ಗುಳಿಗೆ

ಈ ಔಷಧದ ಕೆಮಿಸ್ಟ್ರಿ ಚೆಂದ ಇದೆ. ನುಂಗಿದಾಗ ಅದು ನಿಷ್ಕ್ರಿಯ. ಜಠರದಲ್ಲೇ ಹಾಳಾಗಬಾರದು ಅಂತ ಅದಕ್ಕೆ ಆಮ್ಲ ತಡೆಯೋ ಲೇಪ. ಸಣ್ಣ ಕರುಳಿನಲ್ಲಿ ಲೇಪ ಕರಗಿ, ರಕ್ತ ಸೇರಿ, ತಿರುಗಿ ಪರೈಟಲ್ ಕೋಶಕ್ಕೆ ಬರ್ತದೆ. ಎಲ್ಲಿ ಪಂಪ್ ಓಡ್ತಾ ಆಮ್ಲ ಸುರೀತಿದೆಯೋ ಅಲ್ಲಿ ಮಾತ್ರ ಅದು ಶೇಖರವಾಗಿ, ಅದೇ ಆಮ್ಲದಿಂದ ಸಕ್ರಿಯ ರೂಪಕ್ಕೆ ತಿರುಗಿ, ಪಂಪಿನ ಸಿಸ್ಟೀನ್‌ಗೆ ಗಟ್ಟಿ ಬಂಧ ಹಾಕ್ಕೊಳ್ತದೆ. ನಿಂತ ಪಂಪನ್ನು ಅದು ಮುಟ್ಟೋದಿಲ್ಲ.

ಇನ್ನು ಲೆಕ್ಕ ಹಾಕ್ರಿ. ರಕ್ತದಲ್ಲಿ ಔಷಧದ ಅರ್ಧಾಯುಷ್ಯ ಬರೀ ಒಂದೆರಡು ತಾಸು. ಪಂಪ್‌ಗಳು ಹೆಚ್ಚಾಗಿ ಎಚ್ಚರಾಗೋದು ಊಟದ ಹೊತ್ತಿಗೆ. ಹಾಗಾದ್ರೆ ಔಷಧ ರಕ್ತದಲ್ಲಿ ತುಂಬಿರೋ ಹೊತ್ತೂ, ಪಂಪ್ ಓಡೋ ಹೊತ್ತೂ ಕೂಡಬೇಕು. ಅದಕ್ಕೇ ಡಾಕ್ಟರ್ ಹೇಳೋದು ಬೆಳಿಗ್ಗೆ ನಾಷ್ಟಾಕ್ಕೆ ಅರ್ಧ ತಾಸಿನಿಂದ ಒಂದು ತಾಸು ಮೊದಲು ಅಂತ. ತಗೊಂಡ ಮೇಲೆ ನಾಷ್ಟಾ ಮಾಡಲೇಬೇಕು. ಹಾಸ್ಟೆಲ್‌ನಲ್ಲಿ ನಡೆಯೋದು ಏನು? ರಾತ್ರಿ ಒಂಬತ್ತೂವರೆಗೆ ಭರ್ತಿ ಊಟ, ಹನ್ನೊಂದಕ್ಕೆ ಎದೆ ಉರಿ, ಆಗ ಒಂದು ಪ್ಯಾಂಟೊಪ್ರಜೋಲ್, ಮಲಗೋದು. ಅಥವಾ ಬೆಳಿಗ್ಗೆ ಗುಳಿಗೆ ನುಂಗಿ, ನಾಷ್ಟಾ ಬಿಟ್ಟು, ಎಂಟೂವರೆ ಕ್ಲಾಸಿಗೆ ಓಡಿ, ಒಂದು ಗಂಟೆಗೆ ಊಟ. ಎರಡರಲ್ಲೂ ಔಷಧ ಬಂದಾಗ ಪಂಪ್ ಇಲ್ಲ, ಪಂಪ್ ಬಂದಾಗ ಔಷಧ ಇಲ್ಲ. “ಒಂದು ಸಾಲೋದಿಲ್ಲ, ಎರಡು ತಗೋಬೇಕು” ಅನ್ನೋ ಮಾತು ಹುಟ್ಟೋದು ಬಹಳ ಸಲ ಇಲ್ಲಿಂದ. ಡೋಸ್ ಹೆಚ್ಚಿಸೋಕೆ ಮೊದಲು ಹೊತ್ತು ಸರಿ ಮಾಡ್ಕೋಬೇಕು.

ಮೊದಲ ಗುಳಿಗೆಗೇ ಪೂರ್ತಿ ಪರಿಣಾಮ ಬರೋದಿಲ್ಲ ಅನ್ನೋದೂ ಇದರಿಂದಲೇ ಗೊತ್ತಾಗ್ತದೆ. ಇವತ್ತು ಓಡ್ತಿದ್ದ ಪಂಪ್‌ಗಳಿಗೆ ಬೀಗ ಬಿತ್ತು, ನಾಳೆ ಇನ್ನಷ್ಟಕ್ಕೆ. ಈ ನಡುವೆ ಹೊಸ ಪಂಪ್‌ಗಳೂ ತಯಾರಾಗ್ತವೆ. ಸ್ಥಿರ ಮಟ್ಟಕ್ಕೆ ಬರಲು ಮೂರರಿಂದ ಐದು ದಿನ ಬೇಕು. ಹಾಗಾಗಿ ಉರಿದಾಗ ಒಂದು, ಬಿಟ್ಟು ಒಂದು ಅಂತ ತಗೊಂಡ್ರೆ ಔಷಧಕ್ಕೆ ಅದರ ಕೆಲಸ ತೋರಿಸೋ ಅವಕಾಶವೇ ಸಿಗೋದಿಲ್ಲ. ಕೂಡಲೇ ಉರಿ ಆರಬೇಕಂದ್ರೆ ಆಂಟಾಸಿಡ್. ಪಂಪ್ ಬೀಗ ಕೋರ್ಸಿಗೆ. ಲೇಪದ ಗುಳಿಗೆಯನ್ನು ಅಗಿಯೋದು, ಪುಡಿ ಮಾಡೋದು ಎರಡೂ ಬೇಡ.

ನಿಲ್ಲಿಸೋದೇ ಕಷ್ಟ ಯಾಕೆ

ಕಂಟ್ರೋಲ್ ಸಿಸ್ಟಮ್ಸ್ ಓದಿದವರು ಈ ಭಾಗ ಸ್ವಲ್ಪ ನಿಧಾನ ಓದಬೇಕು.

ಜಠರ ಒಂದು ಮುಚ್ಚಿದ ಲೂಪ್. ಆಮ್ಲ ಸಾಕಷ್ಟಾದ್ರೆ ಸೊಮ್ಯಾಟೋಸ್ಟ್ಯಾಟಿನ್ ಬಂದು ಗ್ಯಾಸ್ಟ್ರಿನ್ ಕಡಿಮೆ ಮಾಡ್ತದೆ. ಆಮ್ಲ ಕಡಿಮೆಯಾದ್ರೆ ಗ್ಯಾಸ್ಟ್ರಿನ್ ಏರ್ತದೆ, ಪಂಪಿಗೆ “ಇನ್ನಷ್ಟು ಸುರಿ” ಅಂತ ಆಜ್ಞೆ ಹೋಗ್ತದೆ. ಈಗ ನೀವು ಪಂಪಿಗೆ ಬೀಗ ಹಾಕಿದ್ರಿ. ಆಮ್ಲ ಇಲ್ಲ, ಆದರೆ ಕಂಟ್ರೋಲರ್‌ಗೆ ಬೀಗದ ಸುದ್ದಿ ಗೊತ್ತಿಲ್ಲ. ಅದು ದೋಷ ಕಾಣ್ತಿದೆ ಅಂತ ಆಜ್ಞೆ ಏರಿಸ್ತಾನೇ ಹೋಗ್ತದೆ. ವಾರಗಟ್ಟಲೆ ಗ್ಯಾಸ್ಟ್ರಿನ್ ಮೇಲೇ ಇದ್ರೆ ಹಿಸ್ಟಮಿನ್ ಬಿಡೋ ಕೋಶಗಳೂ ಬೆಳೀತವೆ, ಆಮ್ಲ ತಯಾರಿಸೋ ಸಾಮರ್ಥ್ಯವೇ ಹಿಗ್ಗುತ್ತದೆ. ಪಿಐಡಿ ಪಾಠದಲ್ಲಿ ಇಂಟಿಗ್ರೇಟರ್ ವೈಂಡಪ್ ಅಂತ ಕಲ್ತಿದ್ದೇವಲ್ಲ, ಹೆಚ್ಚುಕಡಿಮೆ ಅದೇ. ಆಕ್ಚುಯೇಟರ್ ಸಿಕ್ಕಿಹಾಕ್ಕೊಂಡಿದೆ, ಇಂಟಿಗ್ರೇಟರ್ ತುಂಬ್ತಾ ಇದೆ. ಒಂದು ದಿನ ಬೀಗ ತೆಗೆದ್ರೆ? ಓವರ್‌ಶೂಟ್.

ಇದು ಹೋಲಿಕೆ ಅಷ್ಟೇ ಅಲ್ಲ, ಅಳೆದು ನೋಡಿದ್ದಾರೆ. 2009ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಪ್ರಯೋಗದಲ್ಲಿ ಹೊಟ್ಟೆಯ ತೊಂದರೆಯೇ ಇಲ್ಲದ 120 ಆರೋಗ್ಯವಂತರನ್ನು ತಗೊಂಡ್ರು. ಒಂದು ಗುಂಪಿಗೆ 8 ವಾರ ಈಸೊಮೆಪ್ರಜೋಲ್, ಆಮೇಲೆ 4 ವಾರ ಹುಸಿ ಗುಳಿಗೆ. ಇನ್ನೊಂದು ಗುಂಪಿಗೆ 12 ವಾರವೂ ಹುಸಿ ಗುಳಿಗೆ. ಯಾರಿಗೂ ತಮ್ಮದು ಯಾವುದು ಅಂತ ಗೊತ್ತಿಲ್ಲ. ಕೊನೆಯ ನಾಲ್ಕು ವಾರದಲ್ಲಿ ಔಷಧ ನಿಂತ ಗುಂಪಿನ ಶೇ. 44 ಜನರಿಗೆ ಎದೆ ಉರಿ, ಹುಳಿ ತೇಗು, ಅಜೀರ್ಣದಂಥ ತೊಂದರೆ ಕಾಣಿಸಿತು. ಇನ್ನೊಂದು ಗುಂಪಿನಲ್ಲಿ ಶೇ. 15.

ಒಮ್ಮೆ ನಿಂತು ಯೋಚಿಸ್ರಿ. ಅವರಿಗೆ ಕಾಯಿಲೆ ಇರಲಿಲ್ಲ. ಗುಳಿಗೆ ನಿಂತದ್ದರಿಂದಲೇ ಉರಿ ಬಂತು. ನಮ್ಮೂರಿನಲ್ಲಿ “ನನಗ ಈ ಗುಳಗಿ ಬಿಟ್ರ ನಡ್ಯಾಂಗಿಲ್ಲ, ಬಿಟ್ಟ ಎರಡ ದಿನಕ್ಕ ಉರಿ ಶುರು” ಅನ್ನೋ ಎಷ್ಟೋ ಮಂದಿಯ ಅನುಭವ ಸುಳ್ಳಲ್ಲ. ಅವರು ತೆಗೆಯೋ ತೀರ್ಮಾನ ಮಾತ್ರ ತಪ್ಪಿರಬಹುದು. ಕಾಯಿಲೆ ಉಳಿದಿದೆ ಅಂತ ಅವರು ತಿಳ್ಕೊಳ್ತಾರೆ, ಉಳಿದಿರೋದು ಓವರ್‌ಶೂಟ್. ಇನ್ನೊಂದು ಸ್ಟ್ರಿಪ್ ತರ್ತಾರೆ, ಉರಿ ನಿಲ್ತದೆ, ನಂಬಿಕೆ ಗಟ್ಟಿಯಾಗ್ತದೆ. ಒಂದು ತಿಂಗಳಿಗೆ ಅಂತ ಶುರುವಾದದ್ದು ಆರು ವರ್ಷ ನಡೀತದೆ.

ಹಾಗಾದ್ರೆ ನಿಲ್ಲಿಸೋದು ಹ್ಯಾಂಗ? ಎದೆ ಉರಿಗೆ ಡಾಕ್ಟರ್ ಸಾಮಾನ್ಯವಾಗಿ ಕೊಡೋ ಕೋರ್ಸು 4ರಿಂದ 8 ವಾರ. ಚೀಟಿ ಕೈಗೆ ಬಂದ ದಿನವೇ ಕೇಳ್ರಿ: “ಸರ್, ಯಾವತ್ತಿಗೆ ನಿಲ್ಲಿಸಬೇಕು?” ಬಹಳ ತಿಂಗಳು ತಗೊಂಡವರಿಗೆ ಡೋಸ್ ಇಳಿಸಿ, ದಿನ ಬಿಟ್ಟು ದಿನ ಮಾಡಿ, ನಡುವೆ ಉರಿ ಬಂದ್ರೆ ಆಂಟಾಸಿಡ್‌ನಿಂದ ದಾಟಿಸೋ ದಾರಿ ಇದೆ, ಆ ಉರಿ ಸಾಮಾನ್ಯವಾಗಿ ಕೆಲವು ವಾರದಲ್ಲಿ ತಣ್ಣಗಾಗ್ತದೆ. ಇದನ್ನು ಡಾಕ್ಟರ್ ಜೊತೆ ಮಾತಾಡಿಯೇ ಮಾಡಬೇಕು, ಯಾಕಂದ್ರೆ ಕೆಲವರು ನಿಲ್ಲಿಸಲೇಬಾರದು. ಹುಣ್ಣಿನಿಂದ ರಕ್ತಸ್ರಾವ ಆಗಿದ್ದವರು, ಹೃದಯಕ್ಕೆ ಆಸ್ಪಿರಿನ್ ಜೊತೆ ಇದನ್ನು ರಕ್ಷಣೆಗೆ ಅಂತ ತಗೋತಿರೋರು, ಅನ್ನನಾಳಕ್ಕೆ ತೀವ್ರ ಗಾಯ ಆಗಿದ್ದವರು. ಈ ಲೇಖನ ಓದಿ ರಜೆಗೆ ಊರಿಗೆ ಹೋಗಿ ಮುತ್ಯಾನ ಗುಳಿಗೆ ಕಿತ್ಕೊಂಡ್ರೆ ಅದು ದೊಡ್ಡ ಅನಾಹುತ.

ವರ್ಷಗಟ್ಟಲೆ ತಗೊಂಡ್ರೆ ಏನಾಗ್ತದೆ ಅನ್ನೋದರ ಬಗ್ಗೆ ಹೆದರಿಕೆಯ ಸುದ್ದಿಗಳು ಬಹಳ ಓಡಾಡ್ತವೆ. ಅವುಗಳಲ್ಲಿ ಎಷ್ಟೋ ಬರೀ ಸಂಬಂಧ ತೋರಿಸಿದ ಅಧ್ಯಯನಗಳು, ಕಾರಣ ಸಾಬೀತು ಮಾಡಿದವಲ್ಲ. ಆದರೂ ಎಫ್‌ಡಿಎ ಮೂಳೆ ಮುರಿತದ ಬಗ್ಗೆ 2010ರಲ್ಲಿ, ರಕ್ತದಲ್ಲಿ ಮೆಗ್ನೀಸಿಯಂ ಇಳಿಯೋದರ ಬಗ್ಗೆ 2011ರಲ್ಲಿ, ಒಂದು ಬಗೆಯ ಕರುಳಿನ ಸೋಂಕಿನ ಬಗ್ಗೆ 2012ರಲ್ಲಿ ಎಚ್ಚರಿಕೆ ಕೊಟ್ಟಿದೆ. ನಮ್ಮ ಕಡೆಯವರು ಹೆಚ್ಚು ಗಮನಿಸಬೇಕಾದ್ದು ಬೇರೆ: ಬಿ12 ಮತ್ತು ಕಬ್ಬಿಣ. ಆಹಾರದಿಂದ ಬಿ12 ಬಿಡಿಸಿಕೊಳ್ಳೋಕೆ ಜಠರದ ಆಮ್ಲ ಬೇಕು. ಮೊಟ್ಟೆ-ಮಾಂಸ ಮುಟ್ಟದ ಮನೆಗಳು ನಮ್ಮಲ್ಲಿ ಬಹಳ, ಬಿ12 ಮೊದಲೇ ಅಂಚಿನಲ್ಲಿ ಇರ್ತದೆ; ಅದರ ಮೇಲೆ ವರ್ಷಗಟ್ಟಲೆ ಆಮ್ಲವನ್ನೂ ಬಂದ್ ಮಾಡಿದ್ರೆ ಕೈಕಾಲು ಜೋಮು, ಸುಸ್ತು, ಮರೆವು. ಕಾಳು-ಸೊಪ್ಪಿನ ಕಬ್ಬಿಣ ಹೀರಿಕೊಳ್ಳೋಕೂ ಆಮ್ಲ ಬೇಕು. ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ತಗೋತಿರೋ ಹುಡುಗಿಯರು ಇದನ್ನು ಡಾಕ್ಟರ್‌ಗೆ ಹೇಳಲೇಬೇಕು.

ಅದೇ ಕಪಾಟಿನ ಬೇರೆ ಗುಳಿಗೆಗಳು

ಹೆಸರಿನ ಹಿಂದೆ ‘ಡಿ’ ಇರೋ ಸ್ಟ್ರಿಪ್ ಬೇರೆ, ಇಲ್ಲದ್ದು ಬೇರೆ. ‘ಡಿ’ ಅಂದ್ರೆ ಡಾಮ್‌ಪೆರಿಡೋನ್, ವಾಂತಿ ತಡೆಯೋ ಔಷಧ. ಇಂಥ ಕ್ಯಾಪ್ಸೂಲ್‌ನಲ್ಲಿ ಸಾಮಾನ್ಯವಾಗಿ 30 ಮಿ.ಗ್ರಾಂ. ಕೆಲವರಲ್ಲಿ ಇದು ಹೃದಯ ಬಡಿತದ ಲಯ ಕೆಡಿಸಬಹುದು ಅಂತ ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಇದರ ಬಳಕೆ ಬಿಗಿ ಮಾಡ್ತು: ವಾಕರಿಕೆ-ವಾಂತಿಗೆ ಮಾತ್ರ, 10 ಮಿ.ಗ್ರಾಂ. ದಿನಕ್ಕೆ ಹೆಚ್ಚೆಂದ್ರೆ ಮೂರು ಸಲ, ಸಾಮಾನ್ಯವಾಗಿ ಒಂದು ವಾರ ಮೀರದಂಗ. ನಮ್ಮಲ್ಲಿ ಇದನ್ನು ಸೆಮಿಸ್ಟರ್ ಪೂರ್ತಿ ತಿನ್ನೋರಿದ್ದಾರೆ. ಬರೀ ಎದೆ ಉರಿಗೆ ‘ಡಿ’ಯ ಅಗತ್ಯ ಬಹಳ ಸಲ ಇರೋದೇ ಇಲ್ಲ.

ಹಾಸ್ಟೆಲ್‌ನಲ್ಲಿ ಹುಳುಕಡ್ಡಿ ಒಬ್ಬರಿಗೆ ಬಂದ್ರೆ ಸಾಲಾಗಿ ಬರ್ತದೆ. ಅದಕ್ಕೆ ಡಾಕ್ಟರ್ ಕೊಡೋ ಇಟ್ರಾಕೊನಜೋಲ್‌ನ ಸಾಮಾನ್ಯ ಕ್ಯಾಪ್ಸೂಲ್ ಕರಗೋಕೆ ಆಮ್ಲ ಬೇಕು. ಜೊತೆಗೆ ಪ್ಯಾಂಟೊಪ್ರಜೋಲ್ ನುಂಗಿದ್ರೆ ದುಬಾರಿ ಕ್ಯಾಪ್ಸೂಲ್ ಅರ್ಧಂಬರ್ಧ ಹೀರಿಕೆಯಾಗಿ ತುರಿಕೆ ಹೋಗೋದಿಲ್ಲ, “ಔಷಧ ಹತ್ತಲಿಲ್ಲ” ಅಂತ ಡಾಕ್ಟರ್ ಬದಲಾಗ್ತಾರೆ. ಇನ್ನು ‘ಡಿ’ ಇರೋ ಕ್ಯಾಪ್ಸೂಲ್ ಆದ್ರೆ ಇಟ್ರಾಕೊನಜೋಲ್ ಅದರ ಮಟ್ಟವನ್ನು ರಕ್ತದಲ್ಲಿ ಏರಿಸ್ತದೆ. ಈ ಜೋಡಿ ಕೂಡಲೇಬಾರದು. ಆಂಟಾಸಿಡ್ ಸಿರಪ್‌ನದ್ದು ಇನ್ನೊಂದು ತಕರಾರು: ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ಗೆ ಅದು ಅಂಟಿಕೊಂಡು ಅವು ರಕ್ತ ಸೇರದಂಗ ಮಾಡ್ತದೆ. ನಡುವೆ ಎಷ್ಟು ತಾಸು ಬಿಡಬೇಕು ಅಂತ ಕೇಳಿ ತಿಳ್ಕೋಬೇಕು.

ಎಲ್ಲಕ್ಕಿಂತ ದೊಡ್ಡ ಕಳ್ಳ ಅಂದ್ರೆ ನೋವಿನ ಗುಳಿಗೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನೋವು ಕಡಿಮೆ ಮಾಡೋ ಅದೇ ಕೆಲಸದಲ್ಲಿ ಜಠರದ ಒಳಪದರ ಕಾಯೋ ಪ್ರೋಸ್ಟಗ್ಲ್ಯಾಂಡಿನ್‌ಗಳನ್ನೂ ನಿಲ್ಲಿಸಿಬಿಡ್ತವೆ. ಕಬ್ಬು ಕಡಿದು, ದ್ರಾಕ್ಷಿ ತೋಟದಲ್ಲಿ ಬಗ್ಗಿ ಕೆಲಸ ಮಾಡಿ ಮೈಕೈ ನೋವಿಗೆ ದಿನಾ ಒಂದು ನುಂಗೋ ಹಿರಿಯರು ನಾಲ್ಕೂ ತಾಲ್ಲೂಕಿನಲ್ಲಿ ಸಿಗ್ತಾರೆ. ಹೊಟ್ಟೆ ಉರಿ ಅಂತ ಅವರಿಗೆ ಪಂಪ್ ಬೀಗ ಕೊಡೋದು ಸುಲಭ. ನೋವಿನ ಗುಳಿಗೆ ಕಡಿಮೆ ಮಾಡೋಕೆ ಆಗ್ತದೇನು ಅಂತ ಕೇಳೋದು ಕಷ್ಟ, ಆದರೆ ಕೇಳಬೇಕಾದ್ದು ಅದನ್ನೇ. ಕ್ರಿಕೆಟ್ ಆಡಿ ಮಂಡಿ ಹಿಡಿದವರಿಗೂ, ಪ್ರತಿ ತಲೆನೋವಿಗೂ ನೋವಿನ ಗುಳಿಗೆ ನುಂಗೋರಿಗೂ ಇದೇ ಮಾತು.

ಮಿರ್ಚಿ ತಿಂದ್ರೆ ಹುಣ್ಣು ಆಗ್ತದೇನು

ಆಗೋದಿಲ್ಲ. ಉರಿ ಆಗಬಹುದು, ಹುಣ್ಣು ಆಗೋದಿಲ್ಲ. ರಂಜಕ, ಕೆಂಪು ಖಾರ, ಕಟಕ ರೊಟ್ಟಿ ಮೇಲೆ ಬಹಳ ದಿನದಿಂದ ಸುಳ್ಳು ಆರೋಪ ಇದೆ. ಹುಣ್ಣಿನ ಮುಖ್ಯ ಕಾರಣಗಳು ಎರಡು: ಮೇಲೆ ಹೇಳಿದ ನೋವಿನ ಗುಳಿಗೆ, ಮತ್ತು ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಇದನ್ನು ಹೇಳಿದಾಗ ವೈದ್ಯಲೋಕ ಸುಲಭಕ್ಕೆ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾದ ದ್ರಾವಣವನ್ನು ತಾನೇ ಕುಡಿದು ಜಠರದ ಉರಿಯೂತ ಬರಿಸಿಕೊಂಡ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಬ್ಯಾಕ್ಟೀರಿಯಾ ಇದ್ರೆ ಬರೀ ಪಂಪ್ ಬೀಗದಿಂದ ಉರಿ ಶಮನ ಆಗ್ತದೆ, ಕಾರಣ ಹೋಗೋದಿಲ್ಲ. ಸಾಮಾನ್ಯವಾಗಿ 14 ದಿನ ಆಂಟಿಬಯೋಟಿಕ್‌ಗಳ ಜೊತೆಗೆ ಕೋರ್ಸು ಬೇಕು, ಪೂರ್ತಿ ಮುಗಿಸಬೇಕು. ಒಂದು ತಾಂತ್ರಿಕ ಅಂಶ: ಉಸಿರಿನ ಅಥವಾ ಮಲದ ಪರೀಕ್ಷೆಗೆ ಮೊದಲು ಎರಡು ವಾರ ‘ಪ್ರಜೋಲ್’ ನಿಲ್ಲಿಸಿರಬೇಕು, ಇಲ್ಲದಿದ್ರೆ ಬ್ಯಾಕ್ಟೀರಿಯಾ ಇದ್ರೂ ಇಲ್ಲ ಅಂತ ಫಲಿತಾಂಶ ಬರಬಹುದು. ಅಂಗಡಿಯಿಂದ ತಂದು ನುಂಗ್ತಿರೋದನ್ನು ಡಾಕ್ಟರ್ ಮುಂದೆ ಮುಚ್ಚಿಟ್ರೆ ಹೀಗೂ ಎಡವಟ್ಟಾಗ್ತದೆ.

ಇಂಡಿ ಲಿಂಬೆಗೆ ಜಿಐ ಮಾನ್ಯತೆ ಸಿಕ್ಕಿದೆ, ಹೆಮ್ಮೆ ಇರಲಿ. ಆದರೆ ಲಿಂಬೆ-ಸೋಡಾ ಎದೆ ಉರಿಯ ಔಷಧ ಅಲ್ಲ. ಲಿಂಬೆ ರಸ ತಾನೇ ಆಮ್ಲ. ಸೋಡಾದ ಗಾಳಿ ಜಠರದ ಒತ್ತಡ ಏರಿಸಿ ಅನ್ನನಾಳದ ಬುಡದ ಕವಾಟವನ್ನು ತೆರೆಸ್ತದೆ, ತೇಗಿನ ಜೊತೆ ಆಮ್ಲವೂ ಮೇಲೆ ಬರ್ತದೆ. ಬಸ್ ಸ್ಟ್ಯಾಂಡಿನಲ್ಲಿ ರುಚಿಗೆ ಕುಡೀರಿ. ಎದೆ ಉರಿ ಇರೋರಿಗೆ ನಿಜಕ್ಕೂ ಕೆಲಸ ಮಾಡೋದು ಊಟಕ್ಕೂ ನಿದ್ದೆಗೂ ನಡುವೆ ಎರಡು-ಮೂರು ತಾಸು ಬಿಡೋದು, ಮಂಚದ ತಲೆಯ ಕಡೆಗೆ ಎರಡು ಇಟ್ಟಿಗೆ ಇಡೋದು, ಎಡಮಗ್ಗುಲಲ್ಲಿ ಮಲಗೋದು, ಹೊಟ್ಟೆಯ ಸುತ್ತಳತೆ ಇಳಿಸೋದು, ಸಿಗರೇಟು ಬಿಡೋದು. ಇವುಗಳಿಗೆ ಚೀಟಿ ಬೇಡ.

ಇಷ್ಟೆಲ್ಲ ಓದಿ ಸ್ವಂತ ಡಾಕ್ಟರ್ ಆಗೋಕೆ ಹೋಗಬಾರದು. ಕಪ್ಪಗೆ ಡಾಂಬರಿನಂಥ ಮಲ, ರಕ್ತದ ಅಥವಾ ಕಾಫಿ ಪುಡಿಯಂಥ ವಾಂತಿ, ನುಂಗುವಾಗ ಅನ್ನ ಸಿಕ್ಕಿಕೊಳ್ಳೋದು, ಕಾರಣ ಇಲ್ಲದೆ ತೂಕ ಇಳಿಯೋದು, ನಿಲ್ಲದ ವಾಂತಿ, ರಕ್ತ ಕಡಿಮೆ ಆಗೋದು, 50 ದಾಟಿದವರಿಗೆ ಹೊಸದಾಗಿ ಶುರುವಾದ ಹೊಟ್ಟೆ ಉರಿ – ಇವುಗಳಲ್ಲಿ ಒಂದಿದ್ರೂ ಗುಳಿಗೆ ತಿಂದು ಕಾಯೋ ಹೊತ್ತಲ್ಲ. ಕಪ್ಪು ಮಲ, ರಕ್ತ ವಾಂತಿ ಆದ್ರೆ ಅದೇ ದಿನ ಆಸ್ಪತ್ರೆ. ಪಂಪ್ ಬೀಗದ ಒಂದು ಅಪಾಯ ಇದು: ಕ್ಯಾನ್ಸರ್ ಇದ್ರೂ ಉರಿಯನ್ನು ಕೆಲವು ವಾರ ಶಮನ ಮಾಡಿ, ಎಂಡೋಸ್ಕೋಪಿಗೆ ಹೋಗೋ ದಿನವನ್ನು ಮುಂದಕ್ಕೆ ತಳ್ತದೆ.

ಡಾಕ್ಟರ್ ಹತ್ತಿರ ಹೋದಾಗ ‘ಗ್ಯಾಸ್’ ಶಬ್ದವನ್ನು ಬಾಗಿಲ ಹೊರಗೆ ಬಿಟ್ಟು ಹೋಗ್ರಿ. ಎದಿ ಉರೀತದೋ, ಹೊಟ್ಟಿ ಉಬ್ಬತದೋ, ಕೊರೀತದೋ, ಕಡೀತದೋ. ಉಂಡ ಮೇಲೋ, ಹಸಿದಾಗೋ, ಮಲಗಿದಾಗೋ, ಮೆಟ್ಟಿಲು ಹತ್ತಿದಾಗೋ. ಮೆಟ್ಟಿಲು ಹತ್ತಿದಾಗ ಬಂದು ಕೂತಾಗ ಹೋಗ್ತದೆ ಅಂದ್ರೆ ಡಾಕ್ಟರ್ ಹೊಟ್ಟೆ ಬಿಟ್ಟು ಎದೆ ನೋಡ್ತಾರೆ. ಕಪಾಟಿನಲ್ಲಿರೋ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕ್ಕೊಂಡು ಹೋಗ್ರಿ. ಊರಿಗೆ ಹೋದಾಗ ಮುತ್ಯಾನ ಡಬ್ಬಿಯನ್ನೂ ನೋಡ್ರಿ: ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಕ್ಲೋಪಿಡೊಗ್ರೆಲ್ ತಗೋತಿದ್ರೆ, ಅದರ ಪಕ್ಕ ಒಮೆಪ್ರಜೋಲ್ ಅಥವಾ ಈಸೊಮೆಪ್ರಜೋಲ್ ಇದ್ರೆ, ಎರಡರ ಫೋಟೋ ತೆಗೆದು ಬರೆದುಕೊಟ್ಟ ಡಾಕ್ಟರ್‌ಗೆ ತೋರಿಸ್ರಿ. ಆ ಎರಡು ಕ್ಲೋಪಿಡೊಗ್ರೆಲ್‌ನ ಬಲ ಕಡಿಮೆ ಮಾಡಬಹುದು. ಪ್ಯಾಂಟೊಪ್ರಜೋಲ್‌ನಲ್ಲಿ ಆ ತೊಂದರೆ ಬಹಳ ಕಡಿಮೆ. ಡಾಕ್ಟರ್ ಹೇಳೋತನಕ ಡಬ್ಬಿಯಿಂದ ಯಾವ ಗುಳಿಗೆಯನ್ನೂ ತೆಗೀಬೇಡ್ರಿ.